ಕೂಡಿ ಬಂದವರು ತಿರುಗಿ ನಿಂತುದೇಕೆ?

ಪ್ರೌಢಶಾಲೆಯಲ್ಲಿ ಪ್ರಾಚೀನ ಗ್ರೀಸಿನ ಇತಿಹಾಸದ ಪಾಠ ನಡೆಯುವಾಗ ಹುಡುಗರ ಮನಸ್ಸು ಮ್ಯಾರಥಾನಿನ ರಣರಂಗದ ಕಡೆಗೂ ಸಲಾಮಿಸಿನ ಹಡಗುಗಳ ಕಡೆಗೂ ಹರಿಯುವುದು ಸಹಜ. ಆ ಕಾಳಗಗಳು ಮುಗಿದ ಮೇಲೆ ಪಠ್ಯಪುಸ್ತಕದಲ್ಲಿ ಬರುವ ಅರ್ಧ ಪುಟ ಮಾತ್ರ ನೀರಸವೆನಿಸುತ್ತದೆ. ಡೀಲೋಸ್ ಒಕ್ಕೂಟ ಸ್ಥಾಪನೆಯಾಯಿತು, ಅಥೆನ್ಸ್ ಅದರ ನಾಯಕತ್ವ ವಹಿಸಿತು, ಕಾಲಕ್ರಮದಲ್ಲಿ ಒಕ್ಕೂಟವು ಸಾಮ್ರಾಜ್ಯವಾಯಿತು, ಮಿತ್ರರಾಜ್ಯಗಳು ಬಂಡೆದ್ದವು. ನಾಲ್ಕು ವಾಕ್ಯಗಳನ್ನು ಉರುಹೊಡೆದರೆ ಪರೀಕ್ಷೆಯಲ್ಲಿ ಅಂಕಗಳಿಗೆ ಕೊರತೆಯಿಲ್ಲ. ಆದರೆ ಎರಡನೆಯ ವಾಕ್ಯಕ್ಕೂ ನಾಲ್ಕನೆಯ ವಾಕ್ಯಕ್ಕೂ ನಡುವೆ ಅಡಗಿರುವ ಪ್ರಶ್ನೆ ಸಾಮಾನ್ಯವಾದುದಲ್ಲ. ತಾವಾಗಿಯೇ ಬಂದು ನಾಯಕತ್ವ ವಹಿಸಿರೆಂದು ಬೇಡಿಕೊಂಡವರು, ಒಂದು ತಲೆಮಾರು ಕಳೆಯುವ ಮೊದಲೇ ಆ ನಾಯಕನ ವಿರುದ್ಧ ಕತ್ತಿ ಹಿರಿದುದೇಕೆ? ಸೋತ ಶತ್ರು ತಿರುಗಿಬೀಳುವುದರಲ್ಲಿ ಆಶ್ಚರ್ಯವಿಲ್ಲ. ಕೂಡಿ ಬಂದ ಮಿತ್ರನು ತಿರುಗಿ ನಿಂತರೆ ಅದಕ್ಕೆ ಕಾರಣವನ್ನು ಹುಡುಕಬೇಕಾಗುತ್ತದೆ.

ಈ ಪ್ರಶ್ನೆಯನ್ನು ಕಾವೇರಿ ತೀರದಲ್ಲಿ ಕುಳಿತು ಕೇಳುವುದರಲ್ಲಿ ಔಚಿತ್ಯವೂ ಇದೆ. ಅಥೆನ್ಸಿನಂತೆ ಶ್ರೀರಂಗಪಟ್ಟಣವೂ ಒಂದು ಕಾಲಕ್ಕೆ ಸುತ್ತಣ ಸೀಮೆಗಳಿಂದ ಕಪ್ಪ ತೆಗೆದುಕೊಂಡ ನಗರ. ಅದು ಬಂಡೆದ್ದವನ ಕೈಗೆ ಸಿಕ್ಕಿದ ನಗರವೂ ಹೌದು, ಬಂಡಾಯವನ್ನು ಎದುರಿಸಿದ ನಗರವೂ ಹೌದು, ಮಿತ್ರರಿಂದ ವಂಚನೆಗೊಳಗಾದ ನಗರವೂ ಹೌದು. ಮೂರು ಪಾತ್ರಗಳನ್ನೂ ಒಂದೇ ಕೋಟೆಯೊಳಗೆ ಕಂಡ ಊರುಗಳು ಕನ್ನಡನಾಡಿನಲ್ಲಿ ವಿರಳ.

ಮೊದಲು ಅಥೆನ್ಸಿನ ಕಥೆ. ಕ್ರಿ.ಪೂ. 477ರ ಸುಮಾರಿಗೆ ಪರ್ಷಿಯನ್ನರು ಗ್ರೀಸಿನಿಂದ ಹಿಮ್ಮೆಟ್ಟಿದ್ದರು. ಆದರೆ ಏಷ್ಯದ ಕರಾವಳಿಯ ಗ್ರೀಕರಿಗೆ ಅವರ ಭಯ ತಪ್ಪಿರಲಿಲ್ಲ. ಸ್ಪಾರ್ಟಾದ ಸೇನಾನಿ ಪೌಸಾನಿಯಸನ ದರ್ಪದಿಂದ ಬೇಸತ್ತ ದ್ವೀಪವಾಸಿಗಳು ಅಥೆನ್ಸಿನವರ ಬಳಿಗೆ ಹೋಗಿ, ಮುಂದಾಳುಗಳಾಗಿರೆಂದು ಕೇಳಿಕೊಂಡರು. ಯಾವ ಊರು ಎಷ್ಟು ಹಡಗು ಕೊಡಬೇಕು, ಯಾವ ಊರು ಎಷ್ಟು ಹಣ ಕೊಡಬೇಕು ಎಂಬುದನ್ನು ಅರಿಸ್ಟೈಡೀಸನು ನಿರ್ಣಯಿಸಿದನು. ವರ್ಷಕ್ಕೆ ಒಟ್ಟು 460 ಟ್ಯಾಲೆಂಟ್. ಅವನಿಗೆ ‘ನ್ಯಾಯವಂತ’ ಎಂಬ ಬಿರುದೇ ಇದ್ದಿತು. ಆ ಹಂಚಿಕೆಯ ಬಗೆಗೆ ಯಾರೂ ಗೊಣಗಲಿಲ್ಲವೆಂದೇ ಹಿಂದಿನವರು ಬರೆದಿಟ್ಟಿದ್ದಾರೆ. ಭಂಡಾರವಿದ್ದುದು ಅಥೆನ್ಸಿನಲ್ಲಲ್ಲ, ಎಲ್ಲರಿಗೂ ಪವಿತ್ರವಾದ ಡೀಲೋಸ್ ದ್ವೀಪದ ಅಪೊಲೋ ದೇವರ ಸನ್ನಿಧಿಯಲ್ಲಿ. ಸಭೆ ಸೇರುತ್ತಿದ್ದುದೂ ಅಲ್ಲಿಯೇ. ಇದಕ್ಕಿಂತ ಸರಿಯಾದ ಏರ್ಪಾಡು ಇನ್ನೇನು ಬೇಕು?

ಆದರೂ ಹತ್ತು ವರ್ಷ ತುಂಬುವ ಹೊತ್ತಿಗೆ ನ್ಯಾಕ್ಸೋಸ್ ದ್ವೀಪವು ತನಗೆ ಒಕ್ಕೂಟ ಸಾಕೆಂದಿತು. ಅಥೆನ್ಸ್ ಮುತ್ತಿಗೆ ಹಾಕಿ ಅದನ್ನು ಮಣಿಸಿತು. ಆಗ ಉಳಿದವರಿಗೆ ಹೊಳೆದ ಸಂಗತಿಯೆಂದರೆ, ಸೇರುವ ಬಾಗಿಲು ತೆರೆದಿತ್ತೇ ಹೊರತು ಹೊರಡುವ ಬಾಗಿಲು ಇರಲಿಲ್ಲ! ಕ್ರಿ.ಪೂ. 465ರಲ್ಲಿ ಥಾಸೋಸ್ ಬಂಡೆದ್ದಿತು. ಅಲ್ಲಿಯ ಜಗಳ ಪರ್ಷಿಯದ ವಿಷಯದ್ದೇ ಅಲ್ಲ. ಎದುರು ದಡದಲ್ಲಿ ಥಾಸೋಸಿನವರಿಗಿದ್ದ ಗಣಿ ಮತ್ತು ಸಂತೆಗಳ ಮೇಲೆ ಅಥೆನ್ಸಿನ ಕಣ್ಣು ಬಿದ್ದುದೇ ಕಾರಣ. ಮೂರನೆಯ ವರ್ಷಕ್ಕೆ ಥಾಸೋಸ್ ಶರಣಾಯಿತು. ಕೋಟೆಯ ಗೋಡೆ ಕೆಡವಿಸಿದರು, ಹಡಗುಗಳನ್ನು ಒಪ್ಪಿಸಿಕೊಂಡರು, ಗಣಿಯನ್ನೂ ಬಿಡಲಿಲ್ಲ.

ಈ ಬಂಡಾಯಗಳ ಕಾರಣವನ್ನು ವಿವೇಚಿಸುವಾಗ ಇತಿಹಾಸಕಾರ ಥುಸಿಡಿಡೀಸನು ಒಂದು ಸೂಕ್ಷ್ಮವನ್ನು ಹೇಳುತ್ತಾನೆ. ಅಥೆನ್ಸಿನವರು ವಸೂಲಿಯಲ್ಲಿ ಕಠಿಣರಾಗಿದ್ದರೆಂಬುದು ನಿಜ; ಆದರೆ ತಪ್ಪು ಮಿತ್ರರದೂ ಇತ್ತು. ಮನೆಮಠ ಬಿಟ್ಟು ವರ್ಷವರ್ಷವೂ ಸಮುದ್ರದ ಮೇಲೆ ಹೋಗುವುದು ಯಾರಿಗೆ ಬೇಕೆಂದು ಅವರಲ್ಲಿ ಹೆಚ್ಚಿನವರು ಹಡಗುಗಳಿಗೆ ಬದಲಾಗಿ ಹಣ ಕೊಡಲು ಒಪ್ಪಿಕೊಂಡರು. ಆ ಹಣದಿಂದ ಅಥೆನ್ಸ್ ತನ್ನ ನೌಕಾಬಲವನ್ನು ಬೆಳೆಸಿತು. ಮುಂದೆ ಅವರು ತಿರುಗಿಬೀಳುವ ದಿನ ಬಂದಾಗ ಅವರ ಬಳಿ ಹಡಗೂ ಇರಲಿಲ್ಲ, ಹಡಗು ನಡೆಸಿದ ಅನುಭವವೂ ಉಳಿದಿರಲಿಲ್ಲ.

ಮಂಡ್ಯದ ಕಡೆಯ ರೈತನಿಗೆ ಇದನ್ನು ತಿಳಿಸಲು ಗ್ರೀಸಿನ ಭೂಪಟ ಬೇಕಾಗಿಲ್ಲ. ಊರ ಕೆರೆಯ ಹೂಳೆತ್ತುವಾಗ ಮನೆಗೊಂದು ಆಳು ಬರಬೇಕೆಂಬುದು ಹಳೆಯ ಕಟ್ಟಳೆ. ಆಳು ಕಳುಹಿಸಿದವನು ಏರಿಯ ಮೇಲೆ ನಿಂತು, ತೂಬು ಎಲ್ಲಿ ಸೋರುತ್ತಿದೆ, ಗೌಡರ ಗದ್ದೆಗೆ ಎಷ್ಟು ನೀರು ಹೋಗುತ್ತಿದೆ ಎಂಬುದನ್ನೆಲ್ಲ ಕಣ್ಣಾರೆ ನೋಡುತ್ತಾನೆ. ಬೇಕಾದರೆ ಗಟ್ಟಿಯಾಗಿ ಕೇಳುತ್ತಾನೆ. ಕೆಲಸದ ಗೊಡವೆ ಬೇಡವೆಂದು ದುಡ್ಡು ಕೊಟ್ಟು ಕೈತೊಳೆದುಕೊಂಡವನಿಗೆ ಎರಡು ವರ್ಷ ಕಳೆಯುವುದರೊಳಗೆ ಕೆರೆಯ ಮಾತಿನಲ್ಲಿ ಸ್ಥಾನ ತಪ್ಪುತ್ತದೆ. ಮೂರನೆಯ ವರ್ಷ ಅವನ ಪಾಲಿನ ದುಡ್ಡು ಎಷ್ಟೆಂದು ಬೇರೆಯವರು ಗೊತ್ತುಮಾಡುತ್ತಾರೆ.

ಕ್ರಿ.ಪೂ. 454ರಲ್ಲಿ ಡೀಲೋಸಿನ ಭಂಡಾರವನ್ನು ಅಥೆನ್ಸಿಗೆ ಸಾಗಿಸಲಾಯಿತು. ಅಲ್ಲಿಂದಾಚೆಗೆ ಪ್ರತಿವರ್ಷದ ಕಪ್ಪದಲ್ಲಿ ಅರುವತ್ತರ ಒಂದು ಪಾಲು ಅಥೀನಾ ದೇವಿಗೆ. ಆ ಪಾಲಿನ ಲೆಕ್ಕವನ್ನು ಊರೂರಿನ ಹೆಸರು ಹಿಡಿದು ಕಲ್ಲಿನಲ್ಲಿ ಕೆತ್ತಿಸಿದರು. ಕಲ್ಲಿನ ತುಂಡುಗಳು ಇಂದಿಗೂ ಉಳಿದಿವೆ. ವಸಂತಕಾಲದಲ್ಲಿ ಡಯೊನೈಸಸ್ ದೇವರ ದೊಡ್ಡ ಉತ್ಸವಕ್ಕೆ ಸರಿಯಾಗಿ ಮಿತ್ರರು ಕಪ್ಪ ತರಬೇಕಾಗಿದ್ದಿತು. ಖರ್ಚಾಗಿ ಉಳಿದ ಹಣವನ್ನು ನಾಟಕಶಾಲೆಯ ರಂಗಸ್ಥಳದಲ್ಲಿ, ಕಪ್ಪ ಕೊಟ್ಟವರ ಕಣ್ಣೆದುರಿನಲ್ಲಿಯೇ, ಹೊತ್ತು ಮೆರೆಸುತ್ತಿದ್ದರೆಂದು ಐಸಾಕ್ರಟೀಸನು ಬರೆದಿದ್ದಾನೆ. ತಾನು ಕೊಟ್ಟ ಹಣ ಇನ್ನೊಬ್ಬನ ಹೆಮ್ಮೆಯಾಗಿ ಮೆರೆಯುವುದನ್ನು ಕುಳಿತು ನೋಡುವ ಸಂಕಟ ಎಂಥದು! ತೆರಿಗೆಯ ಭಾರಕ್ಕಿಂತ ಈ ಮೆರವಣಿಗೆಯೇ ಹೆಚ್ಚು ಜನರನ್ನು ನೋಯಿಸಿರಬೇಕು.

ಭಾರವೇ ಮುಖ್ಯ ಕಾರಣವಲ್ಲವೆಂಬುದಕ್ಕೆ ಮಿಟಿಲೀನ್ ನಗರ ಸಾಕ್ಷಿ. ಲೆಸ್ಬೋಸ್ ದ್ವೀಪದ ಆ ನಗರ ಕಪ್ಪವನ್ನೇ ಕೊಡುತ್ತಿರಲಿಲ್ಲ. ಅದಕ್ಕೆ ತನ್ನದೇ ಹಡಗುಗಳಿದ್ದವು, ಸ್ವಂತ ಆಡಳಿತವಿತ್ತು, ಅಥೆನ್ಸಿನ ಆದರವೂ ಇತ್ತು. ಆದರೂ ಅದು ಕ್ರಿ.ಪೂ. 428ರಲ್ಲಿ ಬಂಡೆದ್ದಿತು. ಅದರ ದೂತರು ಒಲಿಂಪಿಯಾದಲ್ಲಿ ಸ್ಪಾರ್ಟಾದವರ ಮುಂದೆ ಹೇಳಿಕೊಂಡ ಮಾತುಗಳ ಸಾರಾಂಶವನ್ನು ಥುಸಿಡಿಡೀಸನು ಕೊಟ್ಟಿದ್ದಾನೆ. ಒಕ್ಕೂಟವನ್ನು ಸೇರಿದುದು ಪರ್ಷಿಯನ್ನರಿಂದ ಗ್ರೀಕರನ್ನು ಬಿಡಿಸುವುದಕ್ಕಾಗಿ, ಗ್ರೀಕರನ್ನು ಅಥೆನ್ಸಿಗೆ ಅಡಿಯಾಳುಗಳನ್ನಾಗಿಸುವುದಕ್ಕಾಗಿ ಅಲ್ಲ. ಪರ್ಷಿಯದ ಮೇಲಿನ ಹಗೆ ಸಡಿಲವಾದಂತೆ ಮಿತ್ರರ ಮೇಲಿನ ಹಿಡಿತ ಬಿಗಿಯಾಯಿತು. ಒಬ್ಬೊಬ್ಬರನ್ನಾಗಿ ಅಡಗಿಸುವುದನ್ನು ನೋಡುತ್ತ ಕುಳಿತವನು ತನ್ನ ಸರದಿಗಾಗಿ ಕಾಯಬೇಕೆ? ಸಮಾನವಾದ ಭಯವೊಂದೇ ಸ್ನೇಹಕ್ಕೆ ಆಧಾರ, ಆ ಸಮತೆ ತಪ್ಪಿತೆಂಬುದು ಅವರ ವಾದ. ಸ್ಪಾರ್ಟಾದ ನೆರವು ಹೊತ್ತಿಗೆ ಬರಲಿಲ್ಲ. ಊರು ಸೋತಿತು. ಗಂಡಸರೆಲ್ಲರನ್ನೂ ಕೊಲ್ಲಬೇಕೆಂದು ಅಥೆನ್ಸಿನ ಜನಸಭೆ ಒಂದು ದಿನ ತೀರ್ಮಾನಿಸಿತು. ಮರುದಿನ ಪಶ್ಚಾತ್ತಾಪಪಟ್ಟು ಎರಡನೆಯ ಹಡಗನ್ನು ಅಟ್ಟಿತು. ಆ ಹಡಗಿನ ಹುಟ್ಟುಗಾರರು ಹಗಲಿರುಳೆನ್ನದೆ, ಊಟವನ್ನೂ ಹುಟ್ಟು ಹಾಕುತ್ತಲೇ ಮುಗಿಸಿ, ಕೊಲೆ ಆರಂಭವಾಗುವ ಹೊತ್ತಿಗೆ ತಲುಪಿದರು. ಆದರೂ ಮುಖಂಡರ ತಲೆಗಳು ಉಳಿಯಲಿಲ್ಲ.

ಕೊಡುವುದರಲ್ಲಿಯೇ ದುಃಖವಿದೆ ಎನ್ನಲಾಗದು. ಶ್ರೀಮಠಗಳ ದಾಸೋಹಕ್ಕೆ ಸುಗ್ಗಿಯ ಕಾಲದಲ್ಲಿ ರಾಗಿಯ ಮೂಟೆಯನ್ನೂ ಬೆಲ್ಲದ ಅಚ್ಚುಗಳನ್ನೂ ಗಾಡಿಯಲ್ಲಿ ತಂದು ಇಳಿಸುವ ಒಕ್ಕಲಿಗೆ ಅದು ಹೊರೆಯೆನಿಸುವುದಿಲ್ಲ. ಮಳೆ ಕೈಕೊಟ್ಟ ವರ್ಷ ಗಾಡಿ ಬಾರದಿದ್ದರೆ ಯಾರೂ ಸವಾರರನ್ನು ಅಟ್ಟುವುದಿಲ್ಲ. ಅನ್ನ ಯಾರ ಎಲೆಗೆ ಬಿದ್ದಿತೆಂಬುದನ್ನು ಅವನು ಪಂಕ್ತಿಯಲ್ಲಿ ತಾನೂ ಕುಳಿತು ನೋಡಬಹುದು. ಕಾಣಿಕೆಗೂ ಕಪ್ಪಕ್ಕೂ ಇರುವ ಅಂತರ ತೂಕದಲ್ಲಿಲ್ಲ. ಡೀಲೋಸಿನಲ್ಲಿ ಮೊದಲು ಬಿದ್ದ ಹಣವೂ ಬಹುಮಟ್ಟಿಗೆ ಕಾಣಿಕೆಯೇ ಆಗಿತ್ತು. ‘ಈ ವರ್ಷ ಆಗದು’ ಎಂಬ ಮಾತಿಗೆ ಉತ್ತರವಾಗಿ ಯುದ್ಧನೌಕೆ ಬಂದಂದು ಅದು ಕಪ್ಪವಾಯಿತು.

ಕನ್ನಡನಾಡಿನಲ್ಲಿ ಒಡೆಯನ ಮೇಲೆ ಸಾಮಂತನು ತಿರುಗಿಬಿದ್ದ ಕಥೆ ಹೊಸತಲ್ಲ. ಬಸವಣ್ಣನವರನ್ನು ಭಂಡಾರಿಯನ್ನಾಗಿ ಪಡೆದ ಕಲ್ಯಾಣದ ಬಿಜ್ಜಳನೇ ಚಾಲುಕ್ಯರ ಮಹಾಮಂಡಲೇಶ್ವರನಾಗಿದ್ದು ಅವರ ಸಿಂಹಾಸನವನ್ನೇರಿದವನು. ಅವನಿಗೂ ಮೊದಲು, ಇಂದಿನ ಪಾಂಡವಪುರ ತಾಲ್ಲೂಕಿನ ತೊಣ್ಣೂರಿನೊಡನೆ ಹೆಸರು ಬೆಸೆದುಕೊಂಡಿರುವ ಹೊಯ್ಸಳ ವಿಷ್ಣುವರ್ಧನನು ಚಾಲುಕ್ಯರ ಅಧೀನನಾಗಿದ್ದುಕೊಂಡೇ 1118ರಲ್ಲಿ ಕಣ್ಣೇಗಾಲದ ಬಳಿ ಚಾಲುಕ್ಯ ಸೈನ್ಯದ ಮೇಲೆ ಬಿದ್ದನು. ಆದರೆ ಅಥೆನ್ಸಿನ ಕಥೆಗೆ ಹೆಚ್ಚು ಹತ್ತಿರವಾದುದು ವಿಜಯನಗರದ ಕೊನೆಯ ದಿನಗಳ ಕಥೆ.

ವಿಜಯನಗರದಲ್ಲಿ ಮಹಾನವಮಿಯ ಹಬ್ಬವು ದೇವಿಯ ಹಬ್ಬವಾಗಿದ್ದಂತೆ ಲೆಕ್ಕದ ಹಬ್ಬವೂ ಆಗಿತ್ತು. ನಾಡಿನ ನಾಯಕರೆಲ್ಲ ಸೈನ್ಯದೊಡನೆ ಬಂದು ಅರಸನಿಗೆ ಕಾಣಿಸಿಕೊಂಡು ಕಪ್ಪ ಒಪ್ಪಿಸಬೇಕು. ಡಯೊನೈಸಸನ ಉತ್ಸವವನ್ನು ನೆನಪಿಸುವ ಏರ್ಪಾಡಿದು. ಅದರ ಹಿಂದೆ ಒಂದು ಕೊಡುಕೊಳುಗೆಯಿತ್ತು: ಉತ್ತರದ ಸುಲ್ತಾನರಿಂದ ರಕ್ಷಣೆ ಅರಸನ ಹೊಣೆ, ಹಣ ಮತ್ತು ಪಡೆ ನಾಯಕರ ಹೊಣೆ. 1565ರ ತಾಳಿಕೋಟೆಯ ಯುದ್ಧದಲ್ಲಿ ಈ ಕೊಡುಕೊಳುಗೆಯ ಒಂದು ಕಡೆ ಮುರಿದುಬಿತ್ತು. ರಾಜಧಾನಿ ಪೆನುಕೊಂಡೆಗೆ ಹೋಯಿತು, ಮುಂದೆ ಚಂದ್ರಗಿರಿಗೂ ಹೋಯಿತು. ರಕ್ಷಣೆ ದೂರವಾಯಿತು, ಕಪ್ಪದ ಬೇಡಿಕೆ ಮಾತ್ರ ಶ್ರೀರಂಗಪಟ್ಟಣದಲ್ಲಿದ್ದ ರಾಜಪ್ರತಿನಿಧಿಯ ಮೂಲಕ ತಪ್ಪದೆ ಬರುತ್ತಲೇ ಇದ್ದಿತು.

ಸಮೀಪದ ಮೈಸೂರಿನಲ್ಲಿ ರಾಜ ಒಡೆಯರು 1578ರಿಂದ ಆಳುತ್ತಿದ್ದರು. ಪ್ರತಿನಿಧಿ ತಿರುಮಲನಿಗೂ ಅವರಿಗೂ ಬಹುಕಾಲ ವಿರಸ ನಡೆದು, 1596ರಲ್ಲಿ ಕೆಸರೆಯ ಬಳಿ ಕಾಳಗವಾಗಿ, ಕೊನೆಗೆ 1610ರಲ್ಲಿ ಶ್ರೀರಂಗಪಟ್ಟಣ ಅವರ ವಶವಾಯಿತು. ಅದು ಹೇಗೆ ವಶವಾಯಿತೆಂಬುದರಲ್ಲಿ ಕಥೆಗಳು ಒಂದಕ್ಕೊಂದು ಕೂಡುವುದಿಲ್ಲ. ತಿರುಮಲನು ರೋಗಪೀಡಿತನಾಗಿ ತಾನೇ ಒಪ್ಪಿಸಿ ತಲಕಾಡಿಗೆ ಹೋದನೆಂದು ಕೆಲವರು, ಬಲದಿಂದ ಹೊರಡಿಸಿದರೆಂದು ಕೆಲವರು. ಅಲಮೇಲಮ್ಮನ ಶಾಪದ ಕಥೆಯಂತೂ ತಲಕಾಡಿನ ಮರಳು ಇರುವವರೆಗೆ ಜನರ ಬಾಯಲ್ಲಿ ಇರುವಂಥದು. ಗಮನಿಸಬೇಕಾದುದು ಮುಂದೆ ನಡೆದುದನ್ನು. ರಾಜ ಒಡೆಯರು ಚಕ್ರವರ್ತಿಯ ಹೆಸರನ್ನು ಅಳಿಸಿಹಾಕಲಿಲ್ಲ. 1612ರಲ್ಲಿ ವೆಂಕಟಪತಿರಾಯನಿಂದಲೇ ಆ ಸೀಮೆಗೆ ಮನ್ನಣೆ ಪಡೆದರು. ತಿರುಗಿಬಿದ್ದುದು ನಡುವಿನ ಪ್ರತಿನಿಧಿಯ ಮೇಲೆ. ದೂರದ ದೊರೆಗೆ ನಮಸ್ಕಾರ ಹಾಗೆಯೇ ಉಳಿಯಿತು. ಜಾಣ ಬಂಡಾಯದ ಲಕ್ಷಣವಿದು. 1610ರಲ್ಲಿಯೇ ಶ್ರೀರಂಗಪಟ್ಟಣದಲ್ಲಿ ಮಹಾನವಮಿಯ ಉತ್ಸವವನ್ನೂ ವಿಜಯನಗರದ ಮಾದರಿಯಲ್ಲಿ ಆರಂಭಿಸಿದರು. ನಿನ್ನೆಯವರೆಗೆ ಕಪ್ಪ ಹೊತ್ತು ಹೋಗುತ್ತಿದ್ದವನು ಇಂದು ಕಪ್ಪ ಬರುವ ಹಬ್ಬಕ್ಕೆ ಯಜಮಾನನಾದುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಲಾಗದು.

ನಾಗಮಂಗಲದ ಕಥೆ ಇದರ ಮತ್ತೊಂದು ಮುಖ. 1577ರ ಸುಮಾರಿನಲ್ಲಿ ಬಿಜಾಪುರದ ಪಡೆ ಪೆನುಕೊಂಡೆಯನ್ನು ಮುತ್ತಿದಾಗ ಅದನ್ನು ಕಾಪಾಡಿದವನು ಜಗದೇವರಾಯ. ಆ ನಿಷ್ಠೆಗೆ ಬಹುಮಾನವಾಗಿ ಅವನಿಗೆ ವಿಸ್ತಾರವಾದ ಸೀಮೆ ಸಿಕ್ಕಿತು. ಚನ್ನಪಟ್ಟಣ ಅದರ ಮುಖ್ಯ ಊರು, ನಾಗಮಂಗಲ ಅದರೊಳಗಿನದು. ಆ ನಿಷ್ಠಾವಂತನ ಮನೆತನದ ಕೈಯಿಂದ 1630ರಲ್ಲಿ ಚಾಮರಾಜ ಒಡೆಯರು ಎರಡನ್ನೂ ಕಿತ್ತುಕೊಂಡರು. ಆ ಹೊತ್ತಿಗೆ ನಿಷ್ಠೆಗೆ ಪ್ರತಿಯಾಗಿ ಕಾಪಾಡಬಲ್ಲ ಚಕ್ರವರ್ತಿ ಉಳಿದಿರಲಿಲ್ಲ. ತಿರುಗಿಬಿದ್ದವನಿಗೆ ರಾಜ್ಯ, ನಂಬಿದವನಿಗೆ ನಷ್ಟ! ಇದನ್ನು ಕಂಡ ಉಳಿದ ಪಾಳೆಯಗಾರರು ಯಾವ ಪಾಠ ಕಲಿತಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ.

ಮುಂದೆ ಶ್ರೀರಂಗಪಟ್ಟಣ ಹೈದರ್ ಅಲಿಯ ಕೈಗೆ ಬಂದ ಮೇಲೆ ನಡೆದ ಸಂಗತಿಗಳನ್ನು ನೋಡುವಾಗ ಅವನೂ ಒಮ್ಮೆ ನೊಂದ ಮಿತ್ರನಾಗಿದ್ದನೆಂಬುದನ್ನು ಮರೆಯಬಾರದು. 1769ರ ಏಪ್ರಿಲಿನಲ್ಲಿ ಮದರಾಸಿನ ಬಾಗಿಲವರೆಗೆ ಹೋಗಿ ಅವನು ಇಂಗ್ಲಿಷರಿಂದ ಒಪ್ಪಂದ ಬರೆಸಿಕೊಂಡನು: ಒಬ್ಬರ ಮೇಲೆ ಶತ್ರು ಬಂದರೆ ಇನ್ನೊಬ್ಬರು ನೆರವಾಗತಕ್ಕದ್ದು. ಮರುವರ್ಷವೇ ಮರಾಠರು ಬಂದರು. ಹೈದರನು ಕೇಳಿದನು, ಮದರಾಸಿನವರು ನೆಪ ಹೇಳಿದರು. 1771ರ ಮಾರ್ಚಿನಲ್ಲಿ ಮೇಲುಕೋಟೆಯ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಹಿಂದಿರುಗುತ್ತಿದ್ದ ಅವನ ಸೈನ್ಯವನ್ನು ತ್ರಿಯಂಬಕರಾಯನ ಮರಾಠಾ ದಂಡು ಚಿನಕುರಳಿಯ ಬಳಿ ಹಿಡಿದು ಧ್ವಂಸ ಮಾಡಿತು. ಹೈದರನು ಪ್ರಾಣದೊಡನೆ ಪಾರಾಗಿ ಕೋಟೆ ಸೇರಿದನು. ಮೇಲುಕೋಟೆ ಲೂಟಿಯಾಯಿತು. ಬಾರದ ನೆರವಿನ ಆ ನೆನಪು 1780ರ ಯುದ್ಧದವರೆಗೂ ಅವನಲ್ಲಿ ಆರಲಿಲ್ಲ.

ಚಿನಕುರಳಿಯಿಂದ ಪಾಂಡವಪುರ ಬಹು ದೂರವಲ್ಲ. ಈ ಊರಿನ ಹಳೆಯ ಹೆಸರು ಹಿರೋಡೆ; ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಬೀಡು ಬಿಟ್ಟ ಕಾರಣ ಇಂಗ್ಲಿಷರ ಬಾಯಲ್ಲಿ ಅದು ಫ್ರೆಂಚ್ ರಾಕ್ಸ್ ಆಯಿತು. ಆ ಬಂಡೆಗಳ ಹೆಸರಿನ ಹಿಂದೆಯೂ ಅರ್ಧದಲ್ಲಿ ಕೈಬಿಟ್ಟ ಸ್ನೇಹವಿದೆ. 1783ರಲ್ಲಿ ಟಿಪ್ಪು ಮಂಗಳೂರಿನ ಕೋಟೆಯನ್ನು ಮುತ್ತಿದ್ದಾಗ ಫ್ರೆಂಚರ ಪಡೆ ಅವನ ಜೊತೆಯಲ್ಲಿತ್ತು. ಯೂರೋಪಿನಲ್ಲಿ ಫ್ರಾನ್ಸಿಗೂ ಇಂಗ್ಲೆಂಡಿಗೂ ಸಂಧಿಯಾಯಿತೆಂಬ ಸುದ್ದಿ ಬಂದೊಡನೆ ಅವರು ಮುತ್ತಿಗೆಯಿಂದ ಹಿಂದೆ ಸರಿದರು. ಏಳು ಸಮುದ್ರದಾಚೆಯ ಒಪ್ಪಂದಕ್ಕೆ ಸಹಿ ಬೀಳುವಾಗ ಟಿಪ್ಪುವನ್ನು ಯಾರೂ ಕೇಳಿರಲಿಲ್ಲ.

ಹೀಗೆ ನೊಂದ ನಗರವೇ ಕೊಡಗಿನ ವಿಷಯದಲ್ಲಿ ಅಥೆನ್ಸಾಯಿತು. ಕೊಡಗಿನ ಹಾಲೇರಿ ಅರಸರು ಲಿಂಗಾಯತರು. 1770ರ ಸುಮಾರಿಗೆ ಆ ಮನೆತನದಲ್ಲಿ ಪಟ್ಟಕ್ಕಾಗಿ ಕಲಹವೆದ್ದಾಗ ಲಿಂಗರಾಜನು ತಾನಾಗಿಯೇ ಶ್ರೀರಂಗಪಟ್ಟಣಕ್ಕೆ ಹೋಗಿ ಹೈದರನ ನೆರವನ್ನು ಬೇಡಿದನು. ಹೈದರನು ದಂಡು ಕಳುಹಿಸಿ ಅವನನ್ನು ಗಾದಿಗೇರಿಸಿದನು. ಲಿಂಗರಾಜನು ಕಪ್ಪ ಕೊಡಲು ಒಪ್ಪಿದನು. ಇಲ್ಲಿಯವರೆಗೆ ಡೀಲೋಸಿನ ಕಥೆಯೇ. 1780ರಲ್ಲಿ ಲಿಂಗರಾಜನು ತೀರಿಕೊಂಡನು. ಮಕ್ಕಳು ಚಿಕ್ಕವರು, ದೊಡ್ಡವರಾಗುವ ತನಕ ನಾಡನ್ನು ತಾನೇ ನೋಡಿಕೊಳ್ಳುವೆನೆಂದು ಹೈದರನು ರಾಜಕುಮಾರರನ್ನು ಗೊರೂರಿಗೆ ಕಳುಹಿಸಿ, ಮಡಿಕೇರಿಯಲ್ಲಿ ತನ್ನ ಕಾವಲುಪಡೆಯನ್ನಿಟ್ಟು, ಹಿಂದೆ ಅರಸರ ಬಳಿ ಕರಣಿಕನಾಗಿದ್ದವನೊಬ್ಬನನ್ನು ಅಧಿಕಾರಿಯಾಗಿ ನೇಮಿಸಿದನು.

ಕೊಡಗರು ಕಪ್ಪ ಕೊಡುವಾಗ ಸುಮ್ಮನಿದ್ದರು; ಅರಸು ಮಕ್ಕಳನ್ನು ಬಯಲುಸೀಮೆಗೆ ಒಯ್ದಾಗ ಎದ್ದರು. 1782ರಲ್ಲಿ ಕಾವಲುಪಡೆಯನ್ನು ಹೊರದೂಡಿದರು. ರಾಜಕುಮಾರರನ್ನು ಗೊರೂರಿನಿಂದ ಪಿರಿಯಾಪಟ್ಟಣದ ಕೋಟೆಗೆ ಸಾಗಿಸಲಾಯಿತು. ಹೈದರನ ನಂತರ ಟಿಪ್ಪು ಕೊಡಗನ್ನು ಮತ್ತೆ ಹಿಡಿದನು. 1785ರ ದಂಗೆಯ ಬಳಿಕ ಬಹು ಮಂದಿ ಕೊಡಗರನ್ನು ಸಂಸಾರ ಸಮೇತ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರ ಸಂಖ್ಯೆಯ ವಿಷಯದಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ, ನಡೆದುದರಲ್ಲಿ ಸಂದೇಹವಿಲ್ಲ. ಮಿಟಿಲೀನಿನ ಹೊಲಗಳನ್ನು ತನ್ನ ಪ್ರಜೆಗಳಿಗೆ ಹಂಚಿಕೊಟ್ಟ ಅಥೆನ್ಸಿನಂತೆ ಶ್ರೀರಂಗಪಟ್ಟಣವೂ ಜನರನ್ನು ಕಿತ್ತು ನಾಡನ್ನು ಉಳಿಸಿಕೊಳ್ಳಬಹುದೆಂದು ಎಣಿಸಿತು. ಟಿಪ್ಪುವಿನ ಶೌರ್ಯವನ್ನು ಗೌರವಿಸುವವರೂ ಈ ನೀತಿಯಿಂದ ಅವನಿಗಾದ ಹಾನಿಯನ್ನು ಅಲ್ಲಗಳೆಯಲಾರರು. 1788ರ ಡಿಸೆಂಬರಿನಲ್ಲಿ ದೊಡ್ಡ ವೀರರಾಜೇಂದ್ರನು ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಕೊಡಗು ಸೇರಿದನು. 1790ರ ಅಕ್ಟೋಬರಿನಲ್ಲಿ ಇಂಗ್ಲಿಷ್ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡನು. ಮಲಬಾರಿನಿಂದ ಘಟ್ಟ ಹತ್ತಿ ಬಂದ ಅಬರ್‌ಕ್ರಾಂಬಿಯ ಸೈನ್ಯಕ್ಕೆ ದಾರಿ, ದವಸ, ದನ ಎಲ್ಲವೂ ಕೊಡಗಿನಿಂದ ಒದಗಿದವು. ಶ್ರೀರಂಗಪಟ್ಟಣದ ಪಶ್ಚಿಮದ ಬಾಗಿಲು ಹೀಗೆ ಅದರ ಹಿಂದಿನ ಆಶ್ರಿತನಿಂದಲೇ ತೆರೆಯಿತು.

ಈ ಮೇಲಾಟಗಳಲ್ಲಿ ಸುತ್ತಣ ಹಳ್ಳಿಗಳ ಪಾಡನ್ನು ಯಾವ ಒಪ್ಪಂದದ ಕಾಗದವೂ ಹೇಳುವುದಿಲ್ಲ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಅರಕೆರೆಯ ಬಳಿ ಗೆದ್ದು, ಹೊಳೆ ದಾಟುವ ಕಡವನ್ನು ಹುಡುಕುತ್ತ ಕಣ್ಣಂಬಾಡಿಯ ತನಕ ಬಂದನು. ಟಿಪ್ಪು ದಾರಿಯ ಮೇವು ದವಸಗಳನ್ನೆಲ್ಲ ಮೊದಲೇ ಸುಡಿಸಿದ್ದನು. ಮಳೆ ಹಿಡಿಯಿತು, ಎತ್ತುಗಳು ಸಾಲುಸಾಲಾಗಿ ಸತ್ತವು. ಕಾರ್ನ್‌ವಾಲಿಸನು ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ಅವನ ಮಿತ್ರರಾದ ಮರಾಠರು ಕಾಣಿಸಿಕೊಂಡದ್ದು ಅದರ ಮರುಗಳಿಗೆಯಲ್ಲಿ! ಸುಟ್ಟ ಮೇವು ಟಿಪ್ಪುವಿನದೂ ಅಲ್ಲ, ಕಾರ್ನ್‌ವಾಲಿಸನದೂ ಅಲ್ಲ. ಅಂದು ಅತ್ತಿಕುಪ್ಪೆಯೆಂದು ಹೆಸರಿದ್ದ ಕೃಷ್ಣರಾಜಪೇಟೆಯಿಂದ ಹಿಡಿದು ಶ್ರೀರಂಗಪಟ್ಟಣದವರೆಗಿನ ಒಕ್ಕಲುಗಳದು. ಮಿಟಿಲೀನಿನಲ್ಲಿಯೂ ಬಂಡಾಯಕ್ಕೆ ಹೊರಟವರು ಸಿರಿವಂತರು. ಹಸಿವಿನಿಂದ ಕಂಗೆಟ್ಟ ಸಾಮಾನ್ಯ ಜನರಿಗೆ ಕೊನೆಯಲ್ಲಿ ಆಯುಧ ಕೊಟ್ಟಾಗ ಅವರು, ಇರುವ ಕಾಳನ್ನು ಎಲ್ಲರಿಗೂ ಹಂಚಿರಿ, ಇಲ್ಲವಾದರೆ ಕೋಟೆಯನ್ನು ಒಪ್ಪಿಸುತ್ತೇವೆ ಎಂದರು. ಮಿತ್ರರು ಬಂಡೆದ್ದರು ಎಂದು ಬರೆಯುವಾಗ ಮಿತ್ರರೊಳಗೆ ಯಾರು ಎಂಬುದನ್ನೂ ಕೇಳಬೇಕಾಗುತ್ತದೆ.

ಬಂಡೆದ್ದ ಮಿತ್ರನು ತಾನೊಬ್ಬನೇ ನಿಲ್ಲಲಾರನು. ಹಡಗುಗಳನ್ನು ಕೊಟ್ಟು ಬರಿಗೈಯಾದವನಿಗೆ ಮತ್ತೊಬ್ಬ ಬಲಿಷ್ಠನ ಆಸರೆ ಬೇಕು. ಅಥೆನ್ಸಿನ ಮಿತ್ರರು ಸ್ಪಾರ್ಟಾದ ಕಡೆಗೆ ನೋಡಿದರು. ಗ್ರೀಕರಿಗೆ ಸ್ವಾತಂತ್ರ್ಯ ಕೊಡಿಸುವೆನೆಂದು ಸಾರಿದ ಸ್ಪಾರ್ಟಾ ಕ್ರಿ.ಪೂ. 404ರಲ್ಲಿ ಗೆದ್ದ ಮೇಲೆ, ಅನೇಕ ಊರುಗಳಲ್ಲಿ ತನ್ನ ದಳವಾಯಿಯನ್ನೂ ಹತ್ತು ಮಂದಿಯ ಆಡಳಿತವನ್ನೂ ಕೂರಿಸಿತು, ಕಪ್ಪವನ್ನೂ ಕೇಳಿತು. ಇದರಿಂದ ಬೇಸತ್ತು ಹಲವರು ಕ್ರಿ.ಪೂ. 377ರಲ್ಲಿ ಮರಳಿ ಅಥೆನ್ಸಿನ ಎರಡನೆಯ ಒಕ್ಕೂಟಕ್ಕೆ ಸೇರಿದರು. ಇನ್ನು ಕಪ್ಪವಿಲ್ಲವೆಂದು ಅಥೆನ್ಸ್ ಕಲ್ಲಿನಲ್ಲಿ ಬರೆಸಿತು. ಕೆಲವು ವರ್ಷಗಳ ಮೇಲೆ ಅದನ್ನೇ ‘ವಂತಿಗೆ’ ಎಂಬ ಬೇರೊಂದು ಹೆಸರಿನಿಂದ ಎತ್ತತೊಡಗಿತು. ಕ್ರಿ.ಪೂ. 357ರಲ್ಲಿ ಕಿಯೋಸ್, ರೋಡ್ಸ್, ಕೋಸ್, ಬೈಜಾಂಟಿಯಮ್ ಮತ್ತೆ ಬಂಡೆದ್ದವು. ಪದವನ್ನು ಬದಲಾಯಿಸಿ ವಸ್ತುವನ್ನು ಉಳಿಸಿಕೊಳ್ಳುವ ಜಾಣತನ ಎಲ್ಲ ಕಾಲದ ದರ್ಬಾರುಗಳಿಗೂ ಸಮಾನವೆಂದು ತೋರುತ್ತದೆ.

ಕಂಪೆನಿಯ ಮಿತ್ರರಿಗಾದ ಅನುಭವವೂ ಬೇರೆಯದಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನು ಕಂಪೆನಿ, ನಿಜಾಮ, ಪೇಶ್ವೆ ಮೂವರೂ ಹಂಚಿಕೊಂಡರು. ನಿಜಾಮನು 1798ರಲ್ಲಿ ಸಹಾಯಕ ಸೈನ್ಯ ಪದ್ಧತಿಗೆ ಒಪ್ಪಿ, ಫ್ರೆಂಚರು ತರಬೇತು ಕೊಟ್ಟಿದ್ದ ತನ್ನ ಪಡೆಯನ್ನು ಮುರಿದು, ಕಂಪೆನಿಯ ಸೈನ್ಯಕ್ಕೆ ಹಣ ತೆರಲು ಆರಂಭಿಸಿದನು. ಹಡಗಿಗೆ ಬದಲು ಹಣ. ಎರಡೇ ವರ್ಷಗಳಲ್ಲಿ, 1800ರಲ್ಲಿ, ಆ ಹಣಕ್ಕೆ ಬದಲಾಗಿ ಬಳ್ಳಾರಿ, ಕಡಪ, ಅನಂತಪುರಗಳ ಸೀಮೆಯನ್ನೇ ಬಿಟ್ಟುಕೊಡಬೇಕಾಯಿತು. ಅದು 1792 ಮತ್ತು 1799ರಲ್ಲಿ ಶ್ರೀರಂಗಪಟ್ಟಣದ ಸೋಲಿನಿಂದ ಅವನಿಗೆ ದೊರೆತ ಪಾಲು. ಮಿತ್ರನ ಮನೆಯಿಂದ ಬಂದುದು ಮಿತ್ರನ ಮನೆಗೇ ಹೋಯಿತು. 1799ರಲ್ಲಿ ಮೈಸೂರಿನ ಅರಸರಿಗೂ ಇದೇ ಮಾದರಿಯ ಒಪ್ಪಂದ: ವರ್ಷಕ್ಕೆ 7 ಲಕ್ಷ ವರಹಗಳ ಪೊಗದಿ. 1831ರಲ್ಲಿ ಆ ಒಪ್ಪಂದವನ್ನೇ ಮುಂದೊಡ್ಡಿ ಆಡಳಿತವನ್ನು ಕಸಿದುಕೊಂಡರು; ಅದು ಅರಸುಮನೆತನಕ್ಕೆ ಮರಳಿದುದು 1881ರಲ್ಲಿ.

ಎಲ್ಲರಿಗಿಂತ ಹೆಚ್ಚು ನಂಬಿದ್ದವನು ಕೊಡಗಿನ ದೊಡ್ಡ ವೀರರಾಜೇಂದ್ರ. ಅವನು 1809ರಲ್ಲಿ ಕಣ್ಮುಚ್ಚುವವರೆಗೆ ಕಂಪೆನಿಯ ಸ್ನೇಹದಲ್ಲಿ ಅವನಿಗೆ ವಿಶ್ವಾಸ ಕುಂದಲಿಲ್ಲ. ಕಾಲು ಶತಮಾನ ಕಳೆಯುವುದರೊಳಗೆ, 1834ರ ಏಪ್ರಿಲಿನಲ್ಲಿ ಕಂಪೆನಿಯ ಸೈನ್ಯ ಮಡಿಕೇರಿಯ ಕೋಟೆಯನ್ನು ಹೊಕ್ಕಿತು. ಮಾಸ್ತಿಯವರ ಕಾದಂಬರಿಯಿಂದ ಕನ್ನಡಿಗರಿಗೆಲ್ಲ ಪರಿಚಿತನಾದ ಚಿಕ್ಕವೀರರಾಜೇಂದ್ರನಲ್ಲಿ ದೋಷಗಳಿಗೆ ಕೊರತೆಯಿರಲಿಲ್ಲ, ಅವನ ಕ್ರೌರ್ಯದ ಮಾತು ಕಟ್ಟುಕಥೆಯೂ ಅಲ್ಲ. ಅವನನ್ನು ಗಾದಿಯಿಂದಿಳಿಸಿ ಕಾಶಿಗೆ ಸಾಗಿಸಲಾಯಿತು. ಕಂಪೆನಿಯ ಬಳಿ ತನ್ನ ಮನೆತನ ಇಟ್ಟಿದ್ದ ಹಣವನ್ನು ಬಿಡಿಸಿಕೊಳ್ಳಲು ಅವನು 1852ರಲ್ಲಿ ಲಂಡನ್ನಿಗೆ ಹೋಗಿ ಅಲ್ಲಿಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿ, 1859ರಲ್ಲಿ ಅಲ್ಲಿಯೇ ತೀರಿಕೊಂಡನು. ಕೊಡಗನ್ನು ಕಂಪೆನಿಯ ರಾಜ್ಯಕ್ಕೆ ಸೇರಿಸಿಕೊಂಡ ಘೋಷಣೆಯನ್ನು ಕರ್ನಲ್ ಫ್ರೇಸರನು ಹೊರಡಿಸಿದುದು 1834ರ ಮೇ 7ರಂದು. ಕಂಪೆನಿಯ ಆಶ್ರಯಕ್ಕೆ ಬರಬೇಕೆಂಬುದು ನಾಡಿನ ಜನರೆಲ್ಲರ ಒಮ್ಮತದ ಇಚ್ಛೆಯೆಂದು, ಅದರಂತೆಯೇ ಈ ಏರ್ಪಾಡೆಂದು, ಆ ಕಾಗದದಲ್ಲಿ ಬರೆದಿತ್ತು.